ಗಿರಾಕಿ ಕಾಯುತ್ತಿದ್ದಾನೆ, ಪರೀಕ್ಷೆಯೂ ಕಾಯುತ್ತಿದೆ

ಏಪ್ರಿಲ್ ಮುಗಿದು ಮೇ ತಿಂಗಳು ಕಣ್ಣುಬಿಡುವ ಹೊತ್ತಿಗೆ ಇಂಜಿನಿಯರಿಂಗ್ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಗಟ್ಟಿ ರಟ್ಟಿನ ಬೈಂಡು, ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ಪ್ರಮಾಣಪತ್ರ, ಅದರ ಹಿಂದೆ ಕೃತಜ್ಞತೆ, ಅದರ ಹಿಂದೆ ಎಂಬತ್ತೋ ನೂರೋ ಪುಟ. ಕೃತಜ್ಞತೆಯ ಪುಟದಲ್ಲಿ ಪ್ರಾಂಶುಪಾಲರಿಂದ ಹಿಡಿದು ಲ್ಯಾಬ್ ಸಹಾಯಕರವರೆಗೆ ಎಲ್ಲರಿಗೂ ನಮಸ್ಕಾರ ಸಲ್ಲುತ್ತದೆ. ಯಾರಿಗಾಗಿ ಈ ಸಾಫ್ಟ್‌ವೇರ್ ಬರೆದದ್ದೋ ಆ ಮನುಷ್ಯನ ಹೆಸರು ಮಾತ್ರ ಅಪರೂಪ. ಏಕೆಂದರೆ ಬಹುಪಾಲು ಪ್ರಾಜೆಕ್ಟುಗಳಲ್ಲಿ ಅಂಥ ಮನುಷ್ಯನೇ ಇರುವುದಿಲ್ಲ. ಆಸ್ಪತ್ರೆ ನಿರ್ವಹಣಾ ವ್ಯವಸ್ಥೆ, ದಾಸ್ತಾನು ನಿರ್ವಹಣಾ ವ್ಯವಸ್ಥೆ, ಗ್ರಂಥಾಲಯ ನಿರ್ವಹಣಾ ವ್ಯವಸ್ಥೆ... ಶೀರ್ಷಿಕೆ ಉಂಟು. ಆಸ್ಪತ್ರೆಯಿಲ್ಲ, ದಾಸ್ತಾನಿಲ್ಲ, ಗ್ರಂಥಪಾಲಕರೂ ಇಲ್ಲ.

ಮಕ್ಕಳ ಗೊಂಬೆ ಮದುವೆಯಂತೆ ಇದು. ಓಲಗ, ಆರತಿ, ಊಟ ಎಲ್ಲ ಇರುತ್ತದೆ. ಬೀಗರ ಕಾಟ ಮಾತ್ರ ಇರುವುದಿಲ್ಲ. ಬೀಗರಿಲ್ಲದ ಮದುವೆಯಲ್ಲಿ ತಪ್ಪು ಹಿಡಿಯುವವರಾರು? ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ನಾಲ್ಕು ಪ್ರಶ್ನೆ ಕೇಳುತ್ತಾರೆ, ಪರದೆಯ ಮೇಲೆ ನಾಲ್ಕು ಚಿತ್ರ ಸರಿಯುತ್ತವೆ, ಚಹಾ ಬರುತ್ತದೆ. ಬೆಂಗಳೂರಿನಲ್ಲಂತೂ ಸಿದ್ಧ ಪ್ರಾಜೆಕ್ಟುಗಳನ್ನು ವರದಿ ಸಮೇತ ಮಾರುವ ಅಂಗಡಿಗಳೇ ಇವೆ. ಕೊಂಡವರನ್ನು ಬೈಯುವುದು ಸುಲಭ. ಆದರೆ ಯಾರಿಗೂ ಬೇಡವಾದ ಸಾಫ್ಟ್‌ವೇರನ್ನು ತಾನೇ ಬರೆದರೇನು, ಕೊಂಡು ತಂದರೇನು ಎಂದು ವಿದ್ಯಾರ್ಥಿಗೆ ಅನ್ನಿಸಿದರೆ ಆ ತರ್ಕದಲ್ಲಿ ದೋಷ ಹುಡುಕುವುದು ಅಷ್ಟು ಸುಲಭವಲ್ಲ.

ಬೀಗರನ್ನು ನಿಜವಾಗಿ ಕರೆತಂದು ತರಗತಿಯಲ್ಲಿ ಕೂರಿಸಿದರೆ ಏನಾದೀತು? ಅಮೆರಿಕದ ಲಾಸ್ ಏಂಜಲೀಸಿನಲ್ಲಿರುವ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಅದನ್ನು ಮಾಡಿ ನೋಡಿದವರು ಬ್ಯಾರಿ ಬೋಹ್ಮ್. ಸಾಫ್ಟ್‌ವೇರ್ ಇಂಜಿನಿಯರಿಂಗ್ ಓದಿದವರಿಗೆ ಈ ಹೆಸರು ಹೊಸದಲ್ಲ. ಪರೀಕ್ಷೆಯಲ್ಲಿ ಬಸವನಹುಳುವಿನಂಥ ಚಿತ್ರ ಬಿಡಿಸಿ ‘ಸುರುಳಿ ಮಾದರಿ’ ಎಂದು ಕೆಳಗೆ ಬರೆದು, ಅಂಕ ಬಂದ ಮೇಲೆ ಮರೆತುಬಿಡುತ್ತಾರಲ್ಲ, ಅದು ಇವರ ಕೂಸು. ರ್‍ಯಾಂಡ್ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ, ಟಿಆರ್‌ಡಬ್ಲ್ಯು ಕಂಪನಿಯಲ್ಲಿ ಹದಿನಾರು ವರ್ಷ, ರಕ್ಷಣಾ ಇಲಾಖೆಯ ಸಂಶೋಧನಾ ಏಜೆನ್ಸಿಯಲ್ಲಿ ಮೂರು ವರ್ಷ ದುಡಿದು 1992ರಲ್ಲಿ ಮೇಷ್ಟರಾಗಿ ಬಂದವರು. 2022ರಲ್ಲಿ ತೀರಿಕೊಂಡರು.

ಟಿಆರ್‌ಡಬ್ಲ್ಯು ದಿನಗಳ ಒಂದು ಕಥೆಯನ್ನು ಬೋಹ್ಮ್ ಬರೆದಿಟ್ಟಿದ್ದಾರೆ. 1980ರ ದಶಕದ ಆರಂಭ. ಸರಕಾರಿ ಗಿರಾಕಿಯೊಬ್ಬರಿಗೆ ದೊಡ್ಡದೊಂದು ಮಾಹಿತಿ ವ್ಯವಸ್ಥೆ ಬೇಕಿತ್ತು, ಸಾವಿರಕ್ಕೂ ಹೆಚ್ಚು ಮಂದಿ ಬಳಸುವಂಥದ್ದು. ಗುಂಡಿ ಒತ್ತಿದ ಒಂದು ಸೆಕೆಂಡಿನೊಳಗೆ ಉತ್ತರ ಬರಬೇಕು ಎಂದು ಕರಾರಿನಲ್ಲಿ ಬರೆದುಕೊಂಡರು. ಯಾರೋ ಸಮೀಕ್ಷೆ ಮಾಡಿದರು, ಯಾರೋ ಸಹಿ ಹಾಕಿದರು. ಆಮೇಲೆ ವಿನ್ಯಾಸಕ್ಕೆ ಕೂತವರು ಲೆಕ್ಕ ಹಾಕಿದರೆ ಆ ಒಂದು ಸೆಕೆಂಡಿನ ಬೆಲೆ ಹತ್ತು ಕೋಟಿ ಡಾಲರ್! ಗಾಬರಿಯಾಗಿ ಒಂದು ತಾತ್ಕಾಲಿಕ ಮಾದರಿ ಕಟ್ಟಿ, ನಿಜವಾಗಿ ಬಳಸುವ ಜನರ ಮುಂದೆ ಇಟ್ಟು ನೋಡಿದರು. ನೂರರಲ್ಲಿ ತೊಂಬತ್ತು ಸಲ ನಾಲ್ಕು ಸೆಕೆಂಡಾದರೂ ಅವರಿಗೆ ನಡೆಯುತ್ತಿತ್ತು. ನಾಲ್ಕು ಸೆಕೆಂಡಿನ ವ್ಯವಸ್ಥೆಗೆ ಮೂರು ಕೋಟಿ ಡಾಲರ್ ಸಾಕು. ಉಳಿದ ಏಳು ಕೋಟಿ, ಮೊದಲೇ ಯಾರೂ ಕೇಳದ ಒಂದು ಪ್ರಶ್ನೆಯ ಬೆಲೆ.

ಇಷ್ಟು ಕಂಡ ಮನುಷ್ಯ ಮೇಷ್ಟರಾದಾಗ ಗೊಂಬೆ ಮದುವೆ ಮಾಡಿಸಲು ಒಪ್ಪುತ್ತಾರೆಯೇ? ವಿಶ್ವವಿದ್ಯಾಲಯದ ಗ್ರಂಥಾಲಯದವರನ್ನೇ ಗಿರಾಕಿಗಳನ್ನಾಗಿ ಹಿಡಿದರು. ಹಳೆಯ ಛಾಯಾಚಿತ್ರ, ಹಸ್ತಪ್ರತಿ, ಚಲನಚಿತ್ರದ ತುಣುಕು, ವಾಣಿಜ್ಯ ವಿಭಾಗಕ್ಕೆ ಬೇಕಾದ ಕಂಪನಿಗಳ ಹಣಕಾಸು ವರದಿ, ಹೀಗೆ ನಾನಾ ಬಗೆಯ ಸಂಗ್ರಹಗಳನ್ನು ಕಂಪ್ಯೂಟರಿಗೆ ತರುವ ಕೆಲಸ. ಸ್ನಾತಕೋತ್ತರ ವಿದ್ಯಾರ್ಥಿಗಳ ಹದಿನೈದು ತಂಡ. ಒಂದು ಸೆಮಿಸ್ಟರ್ ಪೂರ್ತಿ ಏನು ಮಾಡಬೇಕು ಎಂದು ನಿಶ್ಚಯಿಸುವುದಕ್ಕೆ, ಇನ್ನೊಂದು ಸೆಮಿಸ್ಟರ್ ಮಾಡುವುದಕ್ಕೆ. ಎಲ್ಲ ತಂಡಗಳೂ ಎರಡನೆಯ ಸೆಮಿಸ್ಟರಿಗೆ ಹೋಗಲಿಲ್ಲ. ಆಯ್ದ ಕೆಲವು ಮಾತ್ರ ಹೋದವು. ಅರ್ಧ ವರ್ಷ ಒಂದು ಗೆರೆ ಪ್ರೋಗ್ರಾಂ ಬರೆಯದೆ ಮಾತುಕತೆಯಲ್ಲೇ ಕಳೆಯುವುದು ಇಲ್ಲಿನ ಹುಡುಗರಿಗೆ ವಿಚಿತ್ರವಾಗಿ ಕಂಡೀತು. ಅಲ್ಲಿಯ ಹುಡುಗರಿಗೂ ಕಂಡಿರಬೇಕು.

ಮೊದಲ ತೊಡಕು ಭಾಷೆಯದು. ಇಬ್ಬರೂ ಆಡುವುದು ಇಂಗ್ಲಿಷೇ, ಆದರೆ ಗ್ರಂಥಪಾಲಕರಿಗೆ ಯಾವುದು ಕಂಪ್ಯೂಟರಿಗೆ ಸುಲಭ, ಯಾವುದು ಬೆವರಿಳಿಸುವಂಥದ್ದು ಎಂಬುದು ಗೊತ್ತಿಲ್ಲ. ಚಿತ್ರವನ್ನು ನೋಡಿ ಕಂಪ್ಯೂಟರೇ ಅದರ ವಿವರ ಬರೆದುಕೊಳ್ಳಲಿ ಎನ್ನುವುದು ಅವರಿಗೆ ಸಣ್ಣ ಬೇಡಿಕೆ. 1996ರ ವಿದ್ಯಾರ್ಥಿಗಳಿಗೆ ಅದು ಜನ್ಮಾಂತರದ ಕೆಲಸ. ಇನ್ನು ವಿದ್ಯಾರ್ಥಿಗಳಿಗೆ ಗ್ರಂಥಾಲಯದ ಕಷ್ಟ ಗೊತ್ತಿಲ್ಲ. ಮುಟ್ಟಿದರೆ ಪುಡಿಯಾಗುವ ಹಳೆಯ ಹಾಳೆಯನ್ನು ಸ್ಕ್ಯಾನರಿನ ಗಾಜಿನ ಕೆಳಗೆ ಒತ್ತುವಂತಿಲ್ಲ ಎಂದು ಹೊಳೆಯುವುದಿಲ್ಲ. ಬೋಹ್ಮ್ ಮತ್ತು ಸಂಗಡಿಗರು ಇದಕ್ಕೊಂದು ಸರಳ ಉಪಾಯ ಹೂಡಿದರು. ಪ್ರತಿ ಬಗೆಯ ಕೆಲಸಕ್ಕೂ ಎರಡು ಪಟ್ಟಿ: ಯಾವುವು ಕೆಲಸವನ್ನು ಹಗುರ ಮಾಡುತ್ತವೆ, ಯಾವುವು ಗೋಜಲು ಮಾಡುತ್ತವೆ. ಈಗಾಗಲೇ ಇರುವ ಹುಡುಕುಯಂತ್ರ ಬಳಸಿದರೆ ಹಗುರ, ಚಿತ್ರ ಧ್ವನಿಗಳೆಲ್ಲ ಒಂದೇ ನಮೂನೆಯಲ್ಲಿದ್ದರೆ ಹಗುರ. ಆಡುಮಾತಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬೇಕೆಂದರೆ ಗೋಜಲು, ತಾನೇ ತಾನಾಗಿ ಸೂಚಿ ತಯಾರಾಗಬೇಕೆಂದರೆ ಗೋಜಲು, ಹಳೆಯ ಗಣಕ ವ್ಯವಸ್ಥೆಯೊಂದಿಗೆ ಬೆಸೆಯಬೇಕೆಂದರೆ ಗೋಜಲು. ಅರ್ಧ ಹಾಳೆಯ ಪಟ್ಟಿ. ಮಾತುಕತೆಗೆ ಮೊದಲೇ ಇಬ್ಬರ ಕೈಗೂ ಕೊಟ್ಟರೆ ಎಷ್ಟೋ ಕನಸು ತಾವಾಗಿ ನೆಲಕ್ಕಿಳಿಯುತ್ತವೆ, ಯಾರೂ ಯಾರಿಗೂ ‘ಆಗುವುದಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಬೇಕಾಗುವುದಿಲ್ಲ.

ಮೇಷ್ಟರೂ ಪಾಠ ಕಲಿತರು. ಮೊದಲ ವರ್ಷ ಬೇಡಿಕೆಗಳ ಚೌಕಾಶಿಯೆಲ್ಲ ಮುಗಿದ ಮೇಲೆ ಮಾದರಿ ಪರದೆಗಳನ್ನು ಕಟ್ಟಿ ತೋರಿಸುವ ಕ್ರಮವಿತ್ತು. ಪರದೆ ಕಂಡದ್ದೇ ತಡ, ಗಿರಾಕಿಯ ಮನಸ್ಸು ಬದಲಾಯಿತು. ‘ಹೀಗಲ್ಲ, ನಾನು ಹೇಳಿದ್ದು ಬೇರೆ’ ಎಂಬ ರಾಗ. ಸೀರೆ ಅಂಗಡಿಯಲ್ಲಿ ಯಾವ ಬಣ್ಣ ಬೇಕೆಂದು ಕೇಳಿದರೆ ಹೇಳಲಾರದವರು ಹತ್ತು ಸೀರೆ ಬಿಚ್ಚಿ ಹಾಸಿದ ಮೇಲೆ ಥಟ್ಟನೆ ಕೈ ತೋರಿಸುವುದಿಲ್ಲವೇ? ಹಾಗೆ. ಮರುವರ್ಷದಿಂದ ಕ್ರಮ ತಿರುವುಮುರುವಾಯಿತು: ಮೊದಲು ಮಾದರಿ, ಆಮೇಲೆ ಚೌಕಾಶಿ. ದಾಖಲೆಪತ್ರಗಳೂ ಮೊದಲ ಸಲ ನೂರು ಪುಟ ದಾಟಿ ಬೆಳೆದಿದ್ದವು. ಒಂದೇ ವಿಷಯ ನಾಲ್ಕು ಕಡೆ. ಅದನ್ನೂ ಕತ್ತರಿಸಿದರು. ಬಂಗಾರದ ಅಕ್ಷರದ ಬೈಂಡಿಂಗ್ ಅಂಗಡಿಯವರು ಈ ಭಾಗವನ್ನು ಓದದಿದ್ದರೆ ಒಳ್ಳೆಯದು.

ಇಡೀ ಯೋಜನೆಗೆ ಬೋಹ್ಮ್ ಮೂರು ಗಡಿಗಲ್ಲು ನೆಟ್ಟಿದ್ದರು. ಅವುಗಳಿಗೆ ಉದ್ದುದ್ದ ಹೆಸರುಗಳಿವೆ. ಆದರೆ ಅವರೇ ಕೊಟ್ಟ ಹೋಲಿಕೆ ಚೆನ್ನಾಗಿದೆ: ಮೊದಲನೆಯದು ನಿಶ್ಚಿತಾರ್ಥ, ಎರಡನೆಯದು ಮದುವೆ, ಮೂರನೆಯದು ಚೊಚ್ಚಲ ಮಗು. ನಿಶ್ಚಿತಾರ್ಥದಲ್ಲಿ ಎರಡೂ ಕಡೆಯವರು ಈ ಸಂಬಂಧ ಸಾಧ್ಯವೇ ಎಂದು ನೋಡುತ್ತಾರೆ, ಬೇಡವೆಂದರೆ ಎದ್ದು ಹೋಗಬಹುದು. ಮದುವೆಯಲ್ಲಿ ಒಂದೇ ದಾರಿಗೆ ಕಟ್ಟುಬೀಳುತ್ತಾರೆ. ಮಗು ಹುಟ್ಟುವುದು ಎಂದರೆ ವ್ಯವಸ್ಥೆ ನಿಜವಾದ ಜನರ ಕೈಗೆ ಹೋಗುವುದು. ಆಮೇಲೆ ರಾತ್ರಿ ಎರಡು ಗಂಟೆಗೆ ಅತ್ತರೆ ಎದ್ದು ಕೂರಬೇಕು. ಇಲ್ಲಿನ ಕಾಲೇಜುಗಳಲ್ಲಿ ನಿಶ್ಚಿತಾರ್ಥ ಎಂಬ ಹಂತವೇ ಇಲ್ಲದಿರುವುದು ಗಮನಾರ್ಹ. ಜಾತಕ ನೋಡದೆ, ಹುಡುಗಿ ನೋಡದೆ, ಶೀರ್ಷಿಕೆಯ ಪಟ್ಟಿ ಸಲ್ಲಿಸಿದ ದಿನವೇ ಧಾರೆ ಎರೆದುಬಿಡುತ್ತಾರೆ.

ಎಲ್ಲಕ್ಕಿಂತ ಕಠಿಣವಾದದ್ದು ಕ್ಯಾಲೆಂಡರು. ಕಂಪನಿಯಲ್ಲಾದರೆ ಕೆಲಸ ಮುಗಿಯದಿದ್ದರೆ ತಿಂಗಳು ಮುಂದೂಡಬಹುದು, ನಾಲ್ಕು ಜನರನ್ನು ಹೆಚ್ಚಿಗೆ ಹಾಕಬಹುದು. (ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ಪೆಟ್ಟು ತಿಂದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು. ಆ ಮಾತು ಬೇರೆ.) ಸೆಮಿಸ್ಟರಿಗೆ ಆ ಸೌಕರ್ಯವಿಲ್ಲ. ಪರೀಕ್ಷೆಯ ದಿನ ಬಂದೇ ಬರುತ್ತದೆ, ಹುಡುಗರು ಹೋಗಿಯೇ ಹೋಗುತ್ತಾರೆ. ಆದ್ದರಿಂದ ದಿನಾಂಕವನ್ನು ಅಲುಗಿಸದೆ ಕೆಲಸದ ಗಾತ್ರವನ್ನು ಅಲುಗಿಸುವುದೇ ದಾರಿ ಎಂದು ಬೋಹ್ಮ್ ಗುಂಪು ತೀರ್ಮಾನಿಸಿತು. ಗಿರಾಕಿಯ ಬೇಡಿಕೆಗಳನ್ನೆಲ್ಲ ಬರೆದುಕೊಂಡು ಅವನಿಂದಲೇ ಸರದಿ ಹಾಕಿಸುವುದು. ತೀರ ಮುಖ್ಯವಾದವುಗಳ ಒಂದು ತಿರುಳನ್ನು ಆರಿಸಿ, ಏನೇ ಬಂದರೂ ಅಷ್ಟಂತೂ ಕೈಗೂಡುವಷ್ಟು ಚಿಕ್ಕದಾಗಿ ಇಟ್ಟುಕೊಳ್ಳುವುದು. ಉಳಿದವನ್ನು ಸಮಯ ಮಿಕ್ಕಿದರೆ ಒಂದೊಂದಾಗಿ ಸೇರಿಸುವುದು, ಮಿಗದಿದ್ದರೆ ಬಿಡುವುದು. ಇಷ್ಟೇ ಆದರೆ ಇದು ಅಡುಗೆಮನೆಯ ವಿವೇಕ. ಪಾಯಸ ಆಗದಿದ್ದರೂ ಅನ್ನ ಸಾರು ಆಗಿರಬೇಕು. ಆದರೆ ಇದರೊಳಗೊಂದು ತಾಂತ್ರಿಕ ಶರತ್ತು ಅಡಗಿದೆ: ಬಿಡಬೇಕಾಗಿ ಬರುವ ಭಾಗವನ್ನು ಕಿತ್ತರೆ ಉಳಿದದ್ದು ಕುಸಿಯದಂತೆ ಮೊದಲ ದಿನವೇ ವಿನ್ಯಾಸ ಮಾಡಿರಬೇಕು. ಅಲ್ಲೇ ಮುಕ್ಕಾಲು ತಂಡಗಳು ಜಾರುತ್ತವೆ. ಎಲ್ಲ ಭಾಗಗಳನ್ನೂ ಒಟ್ಟಿಗೆ ಹಚ್ಚಿಕೊಂಡು, ಕೊನೆಯ ವಾರದಲ್ಲಿ ಎಲ್ಲವೂ ಮುಕ್ಕಾಲು ಮುಗಿದು, ಯಾವುದೊಂದೂ ಓಡದೆ ನಿಲ್ಲುತ್ತವೆ.

ಗ್ರಂಥಾಲಯ ಮನೆಯೊಳಗಿನ ಗಿರಾಕಿ, ಬೈದರೂ ಮೆತ್ತಗೆ ಬೈದೀತು. ಹೊರಗಿನ ವ್ಯಾಪಾರಿಗಳನ್ನು ಕರೆತಂದದ್ದು ಇಂಗ್ಲೆಂಡಿನ ಶೆಫೀಲ್ಡ್. ಚಾಕು ಕತ್ತರಿಗಳಿಗೆ ಹೆಸರಾದ ಉಕ್ಕಿನ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೈಕ್ ಹೋಲ್ಕೋಂಬ್ ಎಂಬ ಪ್ರಾಧ್ಯಾಪಕರ ನೇತೃತ್ವದಲ್ಲಿ ‘ಸಾಫ್ಟ್‌ವೇರ್ ಹಟ್’ ಎಂಬ ಪಾಠ ಬೆಳೆಯಿತು. ಸಾಫ್ಟ್‌ವೇರ್ ಗುಡಿಸಲು ಎನ್ನೋಣ. ಕಂಪನಿಗಳನ್ನು ಸಾಫ್ಟ್‌ವೇರ್ ‘ಹೌಸ್’ ಎನ್ನುವುದುಂಟಲ್ಲ, ಮನೆಯಷ್ಟು ದೊಡ್ಡದಲ್ಲದ್ದು ಗುಡಿಸಲು. ಈ ಹೆಸರನ್ನು ಮೊದಲು ಇಟ್ಟವರು 1970ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಪಾಠ ಹೇಳುತ್ತಿದ್ದ ಜಿಮ್ ಹಾರ್ನಿಂಗ್ ಮತ್ತು ಡೇವಿಡ್ ವರ್ಟ್‌ಮನ್. ಅವರದ್ದು ಆಟದ ರೂಪ: ಒಂದು ತಂಡ ಬರೆದ ಭಾಗವನ್ನು ಇನ್ನೊಂದು ತಂಡ ಕೊಳ್ಳಬೇಕು, ಕೊಂಡದ್ದನ್ನು ತಾನೇ ತಿದ್ದಿ ಬೆಳೆಸಬೇಕು. ಪರರು ಬರೆದ ಪ್ರೋಗ್ರಾಮನ್ನು ಓದುವ ಸಂಕಟ ಅನುಭವಿಸಿದವನು ತಾನು ಬರೆಯುವಾಗ ತುಸು ಮನುಷ್ಯನಾಗುತ್ತಾನೆ ಎಂಬುದು ಲೆಕ್ಕಾಚಾರ.

ಶೆಫೀಲ್ಡಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿಗಳು. ಗಿರಾಕಿಗಳು ನಿಜವಾದ ವ್ಯಾಪಾರ ಸಂಸ್ಥೆಗಳು. ಸೊಗಸು ಇರುವುದು ಇಲ್ಲಿ: ಒಬ್ಬ ಗಿರಾಕಿಗೆ ಒಂದು ತಂಡವಲ್ಲ, ಹಲವು ತಂಡ. ಎಲ್ಲರೂ ಅದೇ ಸಮಸ್ಯೆಯನ್ನು ಬೇರೆ ಬೇರೆಯಾಗಿ ಬಿಡಿಸುತ್ತಾರೆ, ಕೊನೆಯಲ್ಲಿ ಗಿರಾಕಿ ತನಗೆ ಹಿಡಿಸಿದ್ದನ್ನು ಆರಿಸಿ ಒಯ್ಯುತ್ತಾನೆ. ಅಂಕ ಕೊಡುವುದರಲ್ಲೂ ಅವನ ಮಾತಿಗೆ ತೂಕವಿದೆ. ಮೇಲ್ನೋಟಕ್ಕೆ ಇದು ಪೈಪೋಟಿ. ಒಳಗೆ ನೋಡಿದರೆ ವಿಮೆ. ವಿದ್ಯಾರ್ಥಿ ತಂಡವೆಂದರೆ ಯಾವಾಗ ಬೇಕಾದರೂ ಮುರಿಯಬಹುದಾದ ಹೊರಸು. ಒಬ್ಬನಿಗೆ ಜ್ವರ, ಒಬ್ಬಳಿಗೆ ಅಕ್ಕನ ಮದುವೆ, ಮತ್ತಿಬ್ಬರಿಗೆ ಪರಸ್ಪರ ಮಾತಿಲ್ಲ. ಒಂದೇ ತಂಡವನ್ನು ನಂಬಿ ಕೂತ ವ್ಯಾಪಾರಿ ಬರಿಗೈಯಲ್ಲಿ ಹೋದರೆ ಮರುವರ್ಷ ಆ ಕಾಲೇಜಿನ ಗೇಟಿನತ್ತ ತಲೆ ಹಾಕುವುದಿಲ್ಲ. ಐದು ತಂಡಗಳಲ್ಲಿ ಒಂದಾದರೂ ದಡ ಸೇರೀತು. ಆರಿಸದೆ ಉಳಿದ ತಂಡಗಳ ಮನಸ್ಸು ನೋಯುತ್ತದೆ, ನಿಜ. ಅವರು ಕಲಿತದ್ದಂತೂ ಕೈಬಿಟ್ಟು ಹೋಗದು.

ಇಷ್ಟೊಂದು ತಂಡಗಳು ಒಂದೇ ಕೆಲಸ ಮಾಡುತ್ತಿದ್ದರೆ ಸಂಶೋಧಕರು ಸುಮ್ಮನಿರುತ್ತಾರೆಯೇ? 2000ದ ನಂತರದ ವರ್ಷಗಳಲ್ಲಿ ಹೋಲ್ಕೋಂಬ್ ಗುಂಪು ಅರ್ಧ ತಂಡಗಳಿಗೆ ಆಗ ಹೊಸದಾಗಿದ್ದ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಕ್ರಮವನ್ನೂ ಇನ್ನರ್ಧಕ್ಕೆ ಹಳೆಯ ಕ್ರಮವನ್ನೂ ಕೊಟ್ಟು ತೂಗಿ ನೋಡಿತು. ಹೊಸ ಕ್ರಮವೆಂದರೆ ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂತು ಬರೆಯುವುದು, ಪ್ರೋಗ್ರಾಮಿಗಿಂತ ಮೊದಲೇ ಅದರ ಪರೀಕ್ಷೆ ಬರೆಯುವುದು, ಗಿರಾಕಿಗೆ ಅಡಿಗಡಿಗೆ ತೋರಿಸುವುದು. ಎರಡೂ ಪಂಗಡಗಳ ಕೆಲಸದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹೊಸ ಮತದ ಪ್ರಚಾರಕರಿಗೂ ಹಳೆಯ ಮತದ ಮಠಾಧೀಶರಿಗೂ ರುಚಿಸದ ಫಲಿತಾಂಶ. ಕ್ರಮ ಯಾವುದೇ ಇರಲಿ, ಗಿರಾಕಿ ವಾರಕ್ಕೊಮ್ಮೆ ಸಿಕ್ಕಿದನೇ ಇಲ್ಲವೇ ಎಂಬುದನ್ನೂ ಜತೆಗೆ ಕೇಳಬೇಕಾಗುತ್ತದೆ.

ತಂಡದಲ್ಲೊಬ್ಬ ಮಲಗಿ ನಿದ್ರಿಸುವ ಸಮಸ್ಯೆ ಲಾಸ್ ಏಂಜಲೀಸಿಗೂ ಶೆಫೀಲ್ಡಿಗೂ ದಾವಣಗೆರೆಗೂ ಒಂದೇ. ನಾಲ್ವರ ತಂಡದಲ್ಲಿ ಒಬ್ಬ ಬರೆಯುತ್ತಾನೆ, ಒಬ್ಬಳು ವರದಿ ಟೈಪು ಮಾಡುತ್ತಾಳೆ, ಒಬ್ಬ ಬೈಂಡಿಂಗಿಗೆ ಓಡಾಡುತ್ತಾನೆ, ನಾಲ್ಕನೆಯವನು ನಾಲ್ಕನೆಯವನಾಗಿರುತ್ತಾನೆ. ಅಂಕ ಎಲ್ಲರಿಗೂ ಸಮ. ಸಂಗಡಿಗರೇ ಗುಟ್ಟಾಗಿ ಪರಸ್ಪರರ ದುಡಿಮೆಯನ್ನು ತೂಗಿ ಹಾಳೆಯಲ್ಲಿ ಬರೆದು ಕೊಡುವ ಪದ್ಧತಿ ಅನೇಕ ಕಡೆ ಇದೆ. ಸ್ನೇಹದ ದಾಕ್ಷಿಣ್ಯಕ್ಕೆ ಬಿದ್ದು ಎಲ್ಲರಿಗೂ ಹತ್ತಕ್ಕೆ ಹತ್ತು ಬರೆಯುವವರೂ ಇದ್ದಾರೆ. ಅದಕ್ಕಿಂತ ಫಲಕಾರಿ ಎಂದರೆ ಪ್ರತಿಯೊಬ್ಬನ ಬದಲಾವಣೆಯನ್ನೂ ದಿನಾಂಕದೊಂದಿಗೆ ದಾಖಲಿಸುವ ಗಿಟ್‌ನಂಥ ಉಗ್ರಾಣ. ಅದು ದಾಕ್ಷಿಣ್ಯ ಅರಿಯದ ಗುಮಾಸ್ತ. ಆದರೆ ಗಿರಾಕಿಯ ಅಂಗಡಿಗೆ ಆರು ಸಲ ಹೋಗಿ ಅವನ ಕಷ್ಟ ಕೇಳಿಕೊಂಡು ಬಂದವಳ ದುಡಿಮೆ ಆ ಲೆಕ್ಕದಲ್ಲಿ ಸೊನ್ನೆ. ಮಾರ್ಗದರ್ಶಕರು ತಮ್ಮ ಕಣ್ಣನ್ನೂ ಬಳಸದೆ ಗತಿಯಿಲ್ಲ.

ಕರ್ನಾಟಕದಲ್ಲಿ ಗಿರಾಕಿಗಳಿಗೆ ಬರವೇ? ಖಂಡಿತ ಇಲ್ಲ. ಬೆಳಗಾವಿಯಲ್ಲಿ 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳು ಸಣ್ಣ ಊರುಗಳಲ್ಲೂ ಹರಡಿವೆ. ಕಾಲೇಜಿನಿಂದ ಎರಡು ಮೈಲಿಯಲ್ಲಿ ಅಡಿಕೆ ಮಂಡಿ, ಅಕ್ಕಿ ಗಿರಣಿ, ಔಷಧಿ ಸಗಟು ಮಳಿಗೆ, ಹಾರ್ಡ್‌ವೇರ್ ಅಂಗಡಿ, ಹಾಲಿನ ಡೇರಿ ಇರುತ್ತವೆ. ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುವ ಯೋಜನೆಯೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಮೀರಿ ನಡೆಸಿಕೊಂಡು ಬಂದಿದೆ. ಕೊರತೆ ಇರುವುದು ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ವ್ಯವಧಾನಕ್ಕೆ. ನೂರು ತಂಡ, ಹತ್ತು ಮಂದಿ ಅಧ್ಯಾಪಕರು; ಅವರಿಗೂ ಪಾಠ, ಪರೀಕ್ಷೆ, ಮೌಲ್ಯಮಾಪನ, ತಪಾಸಣಾ ಸಮಿತಿಯ ಕಡತ.

ಒಂದು ಹಾರ್ಡ್‌ವೇರ್ ಅಂಗಡಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳಬಹುದು. ಮಾಲೀಕರಿಗೆ ಬೇಕಾದದ್ದು ಬಿಲ್ಲು ಮತ್ತು ಬಾಕಿ. ಹುಡುಗರು ಕೊಡಲು ಹೊರಡುವುದು ಬಣ್ಣಬಣ್ಣದ ನಕ್ಷೆ, ಮುಂದಿನ ತಿಂಗಳ ಮಾರಾಟ ಊಹಿಸುವ ಕೃತಕ ಬುದ್ಧಿ, ಮೊಬೈಲ್ ಆ್ಯಪು. ಮಾಲೀಕರ ಕೆಂಪು ರಟ್ಟಿನ ಖಾತೆ ಪುಸ್ತಕವನ್ನು ಒಂದು ಮಧ್ಯಾಹ್ನ ಕೂತು ಓದಿದರೆ ನಿಜವಾದ ಗೋಜಲು ಕಾಣುತ್ತದೆ. ಮೂವರು ಮಂಜುನಾಥರಿದ್ದಾರೆ, ಒಬ್ಬ ಹೊಸಳ್ಳಿ, ಒಬ್ಬ ಮೇಸ್ತ್ರಿ, ಒಬ್ಬ ‘ಬುಲೆಟ್’. ಫೋನ್ ಸಂಖ್ಯೆಯಿಂದ ಗುರುತಿಸೋಣವೆಂದರೆ ಅಣ್ಣ ತಮ್ಮಂದಿರದು ಒಂದೇ ಸಂಖ್ಯೆ. ತಂತಿಯನ್ನು ಕೆಜಿಯಲ್ಲಿ ಕೊಂಡು ಅಡಿಯಲ್ಲಿ ಮಾರುತ್ತಾರೆ. ಹಳೆಯ ಗಿರಾಕಿಗಳ ಪಟ್ಟಿ ಕಂಪ್ಯೂಟರಿನಲ್ಲಿದೆ, ಆದರೆ ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ್ದು. ಯೂನಿಕೋಡಿಗೆ ತಾರದೆ ಹುಡುಕಿದರೆ ಒಂದು ಹೆಸರೂ ಸಿಗದು, ಅಕಾರಾದಿ ಜೋಡಿಸಿದರೆ ದೇವರೇ ಗತಿ. ಬಾಕಿ ಕೊಡುವಾಗ ಗಿರಾಕಿ ‘ಚಿಲ್ಲರೆ ಬಿಡಿ ಸ್ವಾಮಿ’ ಎನ್ನುತ್ತಾನೆ, ಮಾಲೀಕರು ಬಿಡುತ್ತಾರೆ. ಆ ಬಿಟ್ಟ ಹನ್ನೆರಡು ರೂಪಾಯಿಗೆ ಹುಡುಗರ ಕೋಷ್ಟಕದಲ್ಲಿ ಜಾಗವಿಲ್ಲ. ಯಾವ ಪಠ್ಯಪುಸ್ತಕದಲ್ಲೂ ಈ ಅಧ್ಯಾಯವಿಲ್ಲ, ಮತ್ತು ಸಾಫ್ಟ್‌ವೇರ್ ಕೆಲಸದ ಅರ್ಧಾಂಶ ಇದೇ.

ತೆರಿಗೆಯ ದರ ಇನ್ನೊಂದು ಹಳ್ಳ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ವಸ್ತುಗಳಿಗೆ ಶೇಕಡಾ 12 ಮತ್ತು 28ರ ಮೆಟ್ಟಿಲುಗಳು ಹೋಗಿ 5 ಮತ್ತು 18 ಉಳಿದವು. 28 ಎಂಬ ಅಂಕಿಯನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿದ್ದ ಸಾಫ್ಟ್‌ವೇರ್ ಅಂದು ಬೆಳಿಗ್ಗೆ ಸಿಮೆಂಟಿಗೆ ತಪ್ಪು ಬಿಲ್ಲು ಮುದ್ರಿಸುತ್ತದೆ, ಬರೆದವರು ಅಷ್ಟರಲ್ಲಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕೆ ಸೇರಿರುತ್ತಾರೆ. ದರವನ್ನು ಮಾಲೀಕರೇ ಬದಲಿಸಬಹುದಾದ ಒಂದು ಪರದೆ ಇಟ್ಟಿದ್ದರೆ ಐದು ನಿಮಿಷದ ಕೆಲಸ. ಹುಡುಗರ ದೃಷ್ಟಿಯಲ್ಲಿ ಪ್ರಾಜೆಕ್ಟು ಜೂನ್‌ನಲ್ಲಿ ಮುಗಿಯುತ್ತದೆ. ಮಾಲೀಕರ ದೃಷ್ಟಿಯಲ್ಲಿ ಅದು ಜೂನ್‌ನಲ್ಲಿ ಶುರುವಾಗುತ್ತದೆ.

ಕಾಗದದ ಕೆಲಸವೂ ತುಸು ಇದೆ, ಅಸಡ್ಡೆ ಮಾಡುವಂತಿಲ್ಲ. ಬರೆದ ಪ್ರೋಗ್ರಾಮು ಯಾರದು? ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ನೌಕರರು ನೌಕರಿಯ ಭಾಗವಾಗಿ ಬರೆದರೆ ಒಡೆತನ ಧಣಿಯದು. ವಿದ್ಯಾರ್ಥಿಗಳು ಅಂಗಡಿಯ ನೌಕರರಲ್ಲ. ಒಡೆತನ ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲೇ ಆಗಬೇಕು. ಮಾಲೀಕರು ಊಟ ಹಾಕಿಸಿ, ಕೈಗೆ ಐದು ಸಾವಿರ ಕೊಟ್ಟು, ‘ಇನ್ನು ಇದು ನನ್ನದು’ ಎಂದುಕೊಂಡರೆ ಸಾಲದು. ಒಂದು ಪುಟದ ಪತ್ರ ಸಾಕು: ಏನು ಮಾಡಿಕೊಡುತ್ತೇವೆ, ಏನು ಮಾಡುವುದಿಲ್ಲ, ಯಾರಿಗೆ ಸೇರಿದ್ದು, ಯಾವ ದಿನದ ನಂತರ ಫೋನ್ ಎತ್ತುವುದಿಲ್ಲ. ಕೊನೆಯ ಸಾಲು ನಿಷ್ಠುರವಾಗಿ ಕಾಣುತ್ತದೆ. ಬರೆಯದಿದ್ದರೆ ಮುಂದೆ ಆಗುವ ಮನಸ್ತಾಪ ಅದಕ್ಕಿಂತ ನಿಷ್ಠುರ. ಇನ್ನು ಗಿರಾಕಿಗಳ ಹೆಸರು, ಫೋನ್, ಯಾರು ಎಷ್ಟು ಸಾಲ ಉಳಿಸಿಕೊಂಡಿದ್ದಾರೆ ಎಂಬ ಪಟ್ಟಿ ಹುಡುಗರ ಪೆನ್‌ಡ್ರೈವಿನಲ್ಲಿ ಹಾಸ್ಟೆಲ್ ಸೇರುವುದು, ಅಲ್ಲಿಂದ ಅಂತರಜಾಲದ ಉಗ್ರಾಣಕ್ಕೆ ಏರಿ ಊರಿಗೆಲ್ಲ ಕಾಣುವುದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೇ ಬಂದಿದೆ. ಕಾಯಿದೆ ಇಲ್ಲದಿದ್ದರೂ, ಹೊಸಳ್ಳಿ ಮಂಜುನಾಥನ ಸಾಲ ಹೊಸಳ್ಳಿಗೆಲ್ಲ ಗೊತ್ತಾದರೆ ಮಾಲೀಕರು ಒಬ್ಬ ಗಿರಾಕಿಯನ್ನು ಕಳೆದುಕೊಂಡಂತೆಯೇ. ಪ್ರಯೋಗಕ್ಕೆ ಸುಳ್ಳು ಹೆಸರುಗಳ ಪಟ್ಟಿ ಸಾಕು. ನಿಜವಾದ ಪಟ್ಟಿ ಅಂಗಡಿಯ ಕಂಪ್ಯೂಟರ್ ಬಿಟ್ಟು ಕದಲಬಾರದು.

ಇಷ್ಟೆಲ್ಲ ಆಗಬೇಕಾದರೆ ಮಾರ್ಗದರ್ಶಕರು ಮಾಡಬೇಕಾದ ಕೆಲಸ ಪ್ರೋಗ್ರಾಂ ತಿದ್ದುವುದಲ್ಲ. ಸೆಮಿಸ್ಟರಿನ ಮೊದಲ ವಾರ ಅಂಗಡಿಗೆ ಹೋಗಿ ಮಾಲೀಕರೊಂದಿಗೆ ಚಹಾ ಕುಡಿದು, ‘ಇವರು ಕಲಿಯುವ ಮಕ್ಕಳು, ನಿಮ್ಮ ದಿನದ ವ್ಯಾಪಾರ ಇವರ ಮೇಲೆ ನಿಲ್ಲಬಾರದು, ಕೆಂಪು ಪುಸ್ತಕವನ್ನು ಇನ್ನೂ ಎಸೆಯಬೇಡಿ’ ಎಂದು ಹೇಳಿ ಬರುವುದು. ವಾರಕ್ಕೆ ಅರ್ಧ ಗಂಟೆ ಹುಡುಗರಿಗೆ ಕೊಡುತ್ತೇನೆಂದು ಅವರಿಂದ ಮಾತು ತೆಗೆದುಕೊಳ್ಳುವುದು. ಮಂಗಳವಾರ ಮಧ್ಯಾಹ್ನ ಮೂರು ಗಂಟೆ, ವ್ಯಾಪಾರ ತಣ್ಣಗಿರುವ ಹೊತ್ತು. ಅರ್ಧ ಗಂಟೆ ಕೊಡಲು ಒಪ್ಪದ ಮಾಲೀಕರಿಗೆ ಕೈಮುಗಿದು ಬೇರೆ ಅಂಗಡಿ ನೋಡುವುದು. ಹಣ ಕೊಡುತ್ತೇನೆ, ಸಮಯ ಕೊಡಲಾರೆ ಎನ್ನುವ ಗಿರಾಕಿಗಿಂತ ಸಮಯ ಕೊಟ್ಟು ಹಣ ಕೊಡದ ಗಿರಾಕಿ ವಿದ್ಯಾರ್ಥಿಗೆ ಲಾಭ.

ಕೊನೆಯ ವಾರಕ್ಕೆ ಕಾಯದೆ, ಇನ್ನೂ ಹದಿನೈದು ದಿನ ಇರುವಾಗಲೇ ಕಂಪ್ಯೂಟರನ್ನು ಅಂಗಡಿಯವರಿಗೆ ಬಿಟ್ಟು ಹುಡುಗರು ಹಿಂದೆ ಕೈಕಟ್ಟಿ ನಿಲ್ಲಬೇಕು. ಮಾಲೀಕರು ಕೂರುವುದಿಲ್ಲ, ಬಿಲ್ಲು ಹಾಕುವ ಹುಡುಗನನ್ನು ಕೂರಿಸುತ್ತಾರೆ. ಇಷ್ಟು ದಿನ ಅವನನ್ನು ಯಾರೂ ಏನೂ ಕೇಳಿರುವುದಿಲ್ಲ. ಅವನು ಒಂದು ಬೆರಳಿನಲ್ಲಿ ಗುಂಡಿ ಒತ್ತುತ್ತಾನೆ, ಅರ್ಧ ಇಂಚಿನ ಮೊಳೆ ಹುಡುಕುತ್ತಾನೆ, ಸಿಗುವುದಿಲ್ಲ, ಮತ್ತೆ ಒತ್ತುತ್ತಾನೆ, ಸಿಗುತ್ತದೆ. ಬಿಲ್ಲು ಬರುತ್ತದೆ. ಹಿಂದೆ ನಿಂತವರ ಮುಖ ಅರಳುತ್ತದೆ. ಅವನು ಬಿಲ್ಲನ್ನು ತಿರುಗಿಸಿ ಮರುಗಿಸಿ ನೋಡಿ, ‘ಇದರಲ್ಲಿ ಹಳೇ ಬಾಕಿ ಎಲ್ಲಿ ಬರುತ್ತೆ ಸಾರ್?’ ಎನ್ನುತ್ತಾನೆ.

ಎಲ್ಲಿಯೂ ಬರುವುದಿಲ್ಲ. ಅದನ್ನು ಯಾರೂ ಹಾಕಿಲ್ಲ. ಪರೀಕ್ಷೆಗೆ ಇನ್ನು ಹದಿನಾಲ್ಕು ದಿನ ಇದೆ.